ಇಳಿಜಾರಿನಲ್ಲಿ ಕುದುರೆ ಓಡುತ್ತದೆ: ಹಿಂದಕ್ಕೆ ವಾಲಲೋ, ಮುಂದಕ್ಕೆ ಬಾಗಲೋ?

ಪ್ರಶ್ನೆ: ಸರ್, ನಮ್ಮದು ಹುಕ್ಕೇರಿ ತಾಲೂಕು. ನನ್ನ ಹತ್ತಿರ 4 ವರ್ಷದ ಕಾಠಿಯಾವಾಡಿ ಹೆಣ್ಣು ಕುದುರೆ ಇದೆ. ಹೋದ ವರ್ಷ ಅಕಲೂಜ ಬಜಾರದಿಂದ ತಂದದ್ದು. ಅಮಾವಾಸ್ಯೆಗೊಮ್ಮೆ ಅದರ ಮೇಲೆ ಊರ ಗುಡ್ಡದ ಗುಡಿಗೆ ಹೋಗಿ ಬರುತ್ತೇನೆ. ಹತ್ತುವಾಗ ಏನೂ ತೊಂದರೆ ಇಲ್ಲ. ಇಳಿಯುವಾಗ ಮಾತ್ರ ಓಡಲು ಶುರು ಮಾಡುತ್ತದೆ, ಲಗಾಮು ಎಷ್ಟು ಜಗ್ಗಿದರೂ ನಿಲ್ಲುವುದಿಲ್ಲ. ಜೀನು ಮುಂದಕ್ಕೆ ಜಾರುತ್ತದೆ. ಹೋದ ಸಲ ಕುತ್ತಿಗೆ ಮೇಲಿಂದ ಬೀಳುವುದರಲ್ಲಿದ್ದೆ. ನಮ್ಮ ಅಜ್ಜ ‘ಹಿಂದಕ್ಕೆ ವಾಲು’ ಅನ್ನುತ್ತಾರೆ. ಯೂಟ್ಯೂಬಿನಲ್ಲಿ ಒಬ್ಬರು ‘ಮುಂದಕ್ಕೆ ಬಾಗು’ ಅನ್ನುತ್ತಾರೆ. ಯಾರ ಮಾತು ಕೇಳಲಿ? ನನ್ನ ತೂಕ 74 ಕೆ.ಜಿ.

ಉತ್ತರ: ಹೇಗೆ ಕೂರಬೇಕು ಅಂತ ಹೇಳುತ್ತೇನೆ. ಆದರೆ ನಿಮ್ಮ ಪ್ರಶ್ನೆ ಓದಿ ನನಗೆ ಹೆದರಿಕೆ ಆದದ್ದು ಬೇರೆ ಎರಡು ಮಾತಿಗೆ. ‘ಎಷ್ಟು ಜಗ್ಗಿದರೂ ನಿಲ್ಲುವುದಿಲ್ಲ’ ಅಂದಿದ್ದೀರಿ. ‘ಜೀನು ಜಾರುತ್ತದೆ’ ಅಂದಿದ್ದೀರಿ. ಈ ಎರಡೂ ಸರಿಯಾಗುವ ತನಕ ನೀವು ಹಿಂದಕ್ಕೆ ವಾಲಿದರೂ ಅಷ್ಟೇ, ಮುಂದಕ್ಕೆ ಬಾಗಿದರೂ ಅಷ್ಟೇ. ಒಂದಲ್ಲ ಒಂದು ಅಮಾವಾಸ್ಯೆಗೆ ಬೀಳುತ್ತೀರಿ.

ನಮ್ಮಪ್ಪ ಬೆಳಗಾವಿಯಲ್ಲಿ ಟಾಂಗಾ ಹೊಡೆಯುತ್ತಿದ್ದರು. ಸ್ಟೇಷನ್ನಿಂದ ಶಹಾಪುರ, ವಡಗಾವಿ ಕಡೆ. ಟಾಂಗಾಕ್ಕೆ ಇಳುಕಲು ಅಂದರೆ ಬಲು ಕೆಟ್ಟದ್ದು, ಹಿಂದಿನಿಂದ ಗಾಡಿಯೇ ಕುದುರೆಯನ್ನು ನೂಕುತ್ತಿರುತ್ತದೆ. ಅಂಥ ಜಾಗದಲ್ಲಿ ನಾನು ಲಗಾಮಿಗೆ ಕೈ ಹಾಕಿದರೆ ಅವರು ಬೈಯುತ್ತಿದ್ದರು: "ಇಳಿಯೂದು ಅದಕ ಗೊತ್ತೈತೋ. ನೀ ಸುಮ್ಮ ಕುಂಡ್ರೂದು ಕಲಿ." ಮುಂದೆ ನಾನೇ ಮೂವತ್ತು ವರ್ಷ ಕುದುರೆ ಪಳಗಿಸಿದೆ, ಹುಡುಗರಿಗೆ ಸವಾರಿ ಕಲಿಸಿದೆ. ಇಳಿಜಾರಿನ ಬಗ್ಗೆ ಇದಕ್ಕಿಂತ ಒಳ್ಳೆ ಪಾಠ ನನಗಂತೂ ಸಿಕ್ಕಿಲ್ಲ.

ಮೊದಲು ಕುದುರೆ ಒಂಟಿಯಾಗಿ ಹೇಗೆ ಇಳಿಯುತ್ತದೆ ನೋಡಿ. ಜೀನು ಬಿಚ್ಚಿ, ಉದ್ದ ಹಗ್ಗ ಕಟ್ಟಿ, ಒಂದು ಸಣ್ಣ ದಿಬ್ಬ ಇಳಿಸಿ, ನೀವು ಪಕ್ಕದಲ್ಲಿ ದೂರ ನಿಂತು ನೋಡಿ. ಮೊದಲು ತಲೆ ತಗ್ಗಿಸುತ್ತದೆ. ಮೂಗು ನೆಲದ ಹತ್ತಿರ ಒಯ್ದು ದಾರಿ ಮೂಸುತ್ತದೆ. ಕುದುರೆಗೆ ತನ್ನ ಮೂತಿಯ ಕೆಳಗೇ ಇರುವುದು ಕಾಣುವುದಿಲ್ಲ, ಹಾಗಾಗಿ ಕಾಲಿಡುವ ಜಾಗ ನೋಡಲು ತಲೆ ಆಡಿಸಲೇಬೇಕು. ಆಮೇಲೆ ಹಿಂಗಾಲು ಮಡಚಿ ಹೊಟ್ಟೆಯ ಕೆಳಗೆ ತರುತ್ತದೆ, ಹಿಂಭಾಗ ಒಂದಿಷ್ಟು ಕುಳಿತಂತೆ ತಗ್ಗುತ್ತದೆ, ಬೆನ್ನು ಕಮಾನಿನ ಹಾಗೆ ಮೇಲೇಳುತ್ತದೆ. ಹೆಜ್ಜೆ ಚಿಕ್ಕದಾಗುತ್ತದೆ. ಬ್ರೇಕು ಇರುವುದು ಹಿಂಗಾಲಿನಲ್ಲಿ. ಮಟ್ಟದ ನೆಲದಲ್ಲಿ ಸುಮ್ನೆ ನಿಂತಾಗಲೂ ಕುದುರೆಯ ಮೈಭಾರದ ಶೇಕಡ 60ರಷ್ಟು ಮುಂಗಾಲಿನ ಮೇಲಿರುತ್ತದೆ. ಇಳಿಯುವಾಗ ಅದು ಇನ್ನೂ ಜಾಸ್ತಿ. ಅಷ್ಟು ಭಾರ ಮುಂದಕ್ಕೆ ಉರುಳದ ಹಾಗೆ ಹಿಂಗಾಲುಗಳು ಹೆಜ್ಜೆ ಹೆಜ್ಜೆಗೂ ಹಿಡಿಯುತ್ತಿರುತ್ತವೆ.

ನಮ್ಮ ಚಿಕ್ಕೋಡಿ ಕಡೆಯ ಅಂಕಲಿಯಿಂದ ಪ್ರತಿ ವರ್ಷ ಶಿತೋಳೆ ಸರಕಾರರ ಮನೆತನದ ಎರಡು ಕುದುರೆ ಜ್ಞಾನೇಶ್ವರರ ಪಾಲಕಿಗೆ ಅಂತ ಪುಣೆ ಹತ್ತಿರದ ಆಳಂದಿಗೆ ನಡೆದೇ ಹೋಗುತ್ತವಲ್ಲ, ಸುಮಾರು 300 ಕಿಲೋಮೀಟರು. ಒಂದರ ಮೇಲೆ ಪತಾಕೆ ಹಿಡಿದ ಸವಾರ ಇರುತ್ತಾನೆ. ಇನ್ನೊಂದು ಮಾವುಲಿಯ, ಅಂದರೆ ಜ್ಞಾನೇಶ್ವರರ ಕುದುರೆ, ಅದರ ಬೆನ್ನು ಖಾಲಿ. ಅವು ನಿಮ್ಮ ದಾರಿಯಲ್ಲಿ ಸಿಕ್ಕರೆ ಕೈ ಮುಗಿಯುವುದರ ಜೊತೆಗೆ ಎರಡರ ಕುತ್ತಿಗೆಯನ್ನೂ ನೋಡಿ. ಬೆನ್ನ ಮೇಲೆ ಮನುಷ್ಯ ಇದ್ದಾಗ ಕುತ್ತಿಗೆ ಆಡುವ ರೀತಿ ಬೇರೆ, ಇಲ್ಲದಾಗ ಬೇರೆ.

ಈಗ ಅಜ್ಜನ ಮಾತಿಗೆ ಬರೋಣ. ಗೌಂಡಿ ಗೋಡೆ ಕಟ್ಟುವಾಗ ದಾರಕ್ಕೆ ಗುಂಡು ಕಟ್ಟಿ ಇಳಿಬಿಡುತ್ತಾನೆ, ನೋಡಿದ್ದೀರಲ್ವಾ? ನೆಲ ಹೇಗೇ ಓರೆ ಇರಲಿ, ಆ ದಾರ ನೆಟ್ಟಗೇ ನಿಲ್ಲುತ್ತದೆ. ನಿಮ್ಮ ಕಿವಿಗೆ ಅಂಥ ದಾರ ಕಟ್ಟಿದೆ ಅಂದುಕೊಳ್ಳಿ. ಅದು ಹೆಗಲು, ಸೊಂಟ, ಹಿಮ್ಮಡಿ ಮೂರನ್ನೂ ಮುಟ್ಟುತ್ತಾ ಇಳಿಯಬೇಕು. ಇಳಿಜಾರಿನಲ್ಲಿ ಕುದುರೆಯ ಬೆನ್ನು ಮುಂದಕ್ಕೆ ಓರೆಯಾಗಿರುತ್ತದೆ. ನೀವು ನೆಟ್ಟಗೆ ಕೂತರೆ, ದೂರದಿಂದ ನೋಡಿದವರಿಗೆ ಹಿಂದಕ್ಕೆ ವಾಲಿದ ಹಾಗೆ ಕಾಣುತ್ತದೆ. ಅಜ್ಜ ಕಂಡದ್ದು ಅದನ್ನೇ, ಹೇಳಿದ್ದೂ ಅದನ್ನೇ. ಅವರ ಮಾತು ತಪ್ಪಲ್ಲ. ಅದನ್ನು ಕೇಳಿ ನೀವು ಮಂಚದ ಮೇಲೆ ಒರಗಿದ ಹಾಗೆ ಕುದುರೆಯ ಸೊಂಟದ ಮೇಲೆ ಮೈ ಚೆಲ್ಲಿ, ಕಾಲು ಮುಂದಕ್ಕೆ ಚಾಚಿ, ರಿಕಾಪನ್ನು, ಅಂದರೆ ಕಾಲಿಡುವ ಬಳೆಯನ್ನು, ಒದ್ದು ಹಿಡಿದರೆ ಮಾತ್ರ ತಪ್ಪು. ಜೀನಿನ ಹಿಂದಿರುವ ಆ ಸೊಂಟದ ಜಾಗಕ್ಕೆ ಕೆಳಗೆ ಪಕ್ಕೆಲುಬಿನ ಆಧಾರವೇ ಇಲ್ಲ. ಅಲ್ಲಿ ಭಾರ ಬಿದ್ದರೆ ಬೆನ್ನು ಕಮಾನಾಗುವುದಿಲ್ಲ, ಹಿಂಗಾಲು ಒಳಗೆ ಬರುವುದಿಲ್ಲ. ಬ್ರೇಕಿನ ಮೇಲೆ ನೀವೇ ಕೂತ ಹಾಗಾಯಿತು.

ಯೂಟ್ಯೂಬಿನವರ ಮಾತಿಗೂ ಒಂದು ಮೂಲ ಇದೆ. ಇಟಲಿಯ ಸೈನ್ಯದಲ್ಲಿ ಫೆಡೆರಿಕೊ ಕಾಪ್ರಿಲ್ಲಿ ಅಂತ ಒಬ್ಬ ಅಧಿಕಾರಿ ಇದ್ದ, 1868ರಲ್ಲಿ ಹುಟ್ಟಿದವನು. ಅವನ ಕಾಲದ ತನಕ ಯುರೋಪಿನ ಸವಾರರು ಹಾರುವಾಗ, ಇಳಿಯುವಾಗ ಹಿಂದಕ್ಕೆ ವಾಲಿ ಲಗಾಮು ಜಗ್ಗುತ್ತಿದ್ದರು. ಕುದುರೆಯನ್ನು ಅದರ ಪಾಡಿಗೆ ಬಿಡಿ, ಹಿಂಭಾಗ ಹಗುರ ಮಾಡಿ, ತಲೆಗೆ ಸ್ವಾತಂತ್ರ್ಯ ಕೊಡಿ ಅಂದವನು ಇವನು. ರೋಮ್ ಹತ್ತಿರದ ತೋರ್ ದಿ ಕ್ವಿಂತೊ ಅನ್ನುವ ಸವಾರಿ ಶಾಲೆಯಲ್ಲಿ ಗೋಡೆಯಂಥ ಕಡಿದಾದ ಇಳಿಜಾರಿನಲ್ಲಿ ಕುದುರೆಗಳು ಹಿಂಗಾಲ ಮೇಲೆ ಕೂತು ಜಾರಿ ಬರುವ ಹಳೇ ಫೋಟೋಗಳಿವೆ, ಮೇಲಿರುವ ಸವಾರರು ಮುಂದಕ್ಕೆ ಬಾಗಿರುತ್ತಾರೆ. ನೋಡಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಅವು ಆ ಕೆಲಸಕ್ಕೇ ತಯಾರಾದ ಕುದುರೆಗಳು, ಅವರು ದಿನಾ ಅದನ್ನೇ ಮಾಡುವ ಸವಾರರು. ನಿಮ್ಮ ಗುಡಿಯ ದಾರಿಗೆ ಅದು ಬೇಡ. 4 ವರ್ಷದ ಕುದುರೆ ಮುಗ್ಗರಿಸಿದ ಗಳಿಗೆಯಲ್ಲಿ ನೀವು ಮುಂದಕ್ಕೆ ಬಾಗಿದ್ದರೆ ನೇರ ಅದರ ಕಿವಿಗಳ ನಡುವಿನಿಂದ ಹಾರಿ ಹೋಗುತ್ತೀರಿ.

ಹಾಗಾಗಿ ನೆಟ್ಟಗೆ ಕೂರಿ. ಹಿಮ್ಮಡಿ ಕೆಳಗೆ, ಮೊಣಕಾಲು ಸಡಿಲ, ಸೊಂಟ ಸಡಿಲ. ಮೊಣಕಾಲಿನಿಂದ ಜೀನನ್ನು ಅವಚಿ ಹಿಡಿಯಬೇಡಿ, ಹಾಗೆ ಹಿಡಿದರೆ ಒತ್ತಿದ ನಿಂಬೆ ಬೀಜದ ಹಾಗೆ ಮೇಲಕ್ಕೆ ಜಿಗಿಯುತ್ತೀರಿ. ಕಣ್ಣು ದೂರಕ್ಕೆ ಇರಲಿ. ಕಾಲ ಕೆಳಗೆ ನೋಡಿದರೆ ತಲೆ ಬಾಗುತ್ತದೆ, ತಲೆಯ ಹಿಂದೆ ಹೆಗಲು ಬಾಗುತ್ತದೆ. ಕೈ ಕುದುರೆಯ ಕುತ್ತಿಗೆಯ ಜೊತೆ ಹೋಗಿ ಬರಲಿ. ಆಧಾರ ಬೇಕು ಅನಿಸಿದರೆ ಜೂಲು ಹಿಡಿಯಿರಿ, ಲಗಾಮನ್ನಲ್ಲ. ಜೂಲು ಹಿಡಿದದ್ದಕ್ಕೆ ಕುದುರೆಗೆ ಏನೂ ಆಗುವುದಿಲ್ಲ. ಲಗಾಮಿಗೆ ಜೋತುಬಿದ್ದರೆ ಬಾಯಿ ನೋಯುತ್ತದೆ, ತಲೆ ಮೇಲೇಳುತ್ತದೆ, ಬೆನ್ನು ಕುಸಿಯುತ್ತದೆ.

ಇನ್ನು ಓಡುವುದು ಯಾಕೆ? ಇಲ್ಲಿ ಸ್ವಲ್ಪ ಪತ್ತೇದಾರಿ ಕೆಲಸ ಇದೆ. ನಿಮ್ಮ ಗುಡಿ ಮೇಲಿದೆ, ಮನೆ ಕೆಳಗಿದೆ. ಅಂದರೆ ನಿಮ್ಮ ಕುದುರೆಗೆ ಇಳುಕಲು ಅಂದರೆ ಮನೆ ದಾರಿ, ಮನೆ ಅಂದರೆ ಕಣಿಕೆ, ನೀರು, ನೆರಳು. ಇಳಿಜಾರಿನ ಸಮಸ್ಯೆ ಅಂದುಕೊಂಡದ್ದು ಬರೀ ಮನೆಗೆ ಓಡುವ ಚಾಳಿ ಇದ್ದರೂ ಇರಬಹುದು. ಪರೀಕ್ಷೆ ಸುಲಭ. ಮಟ್ಟ ರಸ್ತೆಯಲ್ಲಿ ಎರಡು ಕಿಲೋಮೀಟರು ಹೋಗಿ ತಿರುಗಿಸಿ. ಅಲ್ಲೂ ಅವಸರ ಮಾಡಿದರೆ ಗುಡ್ಡದ್ದು ತಪ್ಪಿಲ್ಲ. ಅದಕ್ಕೆ ಮದ್ದು: ಮನೆ ಮುಟ್ಟಿದ ತಕ್ಷಣ ಮೇವು ಹಾಕಬೇಡಿ. ಮನೆ ಮುಂದಿನಿಂದ ದಾಟಿ ಹೋಗಿ ಇನ್ನೊಂದು ಸುತ್ತು ಬನ್ನಿ. ಜೀನು ಬಿಚ್ಚಿ ಅರ್ಧ ಗಂಟೆ ಕಟ್ಟಿ ನಿಲ್ಲಿಸಿ, ಆಮೇಲೆ ಹಾಕಿ. ನೀರು ಕುಡಿಯಲಿ, ಅದಕ್ಕೆ ತಡೆಯಬೇಡಿ. ಒಂದು ತಿಂಗಳಲ್ಲಿ ಮನೆಯ ರುಚಿ ಕಡಿಮೆಯಾಗುತ್ತದೆ.

ಮಟ್ಟದ ದಾರಿಯಲ್ಲಿ ಶಾಂತವಾಗಿದ್ದು ಇಳಿಜಾರಿನಲ್ಲಿ ಮಾತ್ರ ದುಡಕಿ ಓಟಕ್ಕೆ ಬಿದ್ದರೆ, ಆಗ ಜೀನು ನೋಡಿ. ಬಿಚ್ಚಿದ ಮೇಲೆ ಕುದುರೆಯ ಬೆನ್ನಿನ ಬೆವರು ನೋಡುವುದು ರೂಢಿ ಮಾಡಿಕೊಳ್ಳಿ. ಎಲ್ಲ ಕಡೆ ಒದ್ದೆಯಾಗಿದ್ದು ಹೆಗಲ ಎಲುಬಿನ ಹಿಂದೆ ಅಂಗೈಯಷ್ಟು ಜಾಗ ಮಾತ್ರ ಒಣಗಿದ್ದರೆ, ಅಲ್ಲಿ ಜೀನು ಜಾಸ್ತಿ ಒತ್ತುತ್ತಿದೆ. ಅದೇ ಜಾಗದಲ್ಲಿ ಬಿಳಿ ಕೂದಲು ಬಂದಿದ್ದರೆ ಬಹಳ ದಿನದಿಂದ ಒತ್ತಿದೆ. ಬೆರಳಿನಿಂದ ಮೆಲ್ಲಗೆ ಅದುಮಿ, ಚರ್ಮ ನಡುಗಿಸಿ ಬೆನ್ನು ತಗ್ಗಿಸಿದರೆ ನೋವಿದೆ ಅಂತಲೇ ಅರ್ಥ. ಇಳಿಯುವಾಗ ಜೀನು ಜಾರಿ ಹೆಗಲ ಎಲುಬಿಗೆ ಗುದ್ದುತ್ತದೆ, ಕುದುರೆ ಆ ಗುದ್ದು ತಪ್ಪಿಸಿಕೊಳ್ಳಲು ಓಡುತ್ತದೆ. ಓಡಿದಷ್ಟೂ ಜೀನು ಜಾರುತ್ತದೆ. ನೀವು ಜಗ್ಗಿದಷ್ಟೂ ಬಾಯಿ ನೋಯುತ್ತದೆ. ಇದನ್ನು ನೋಡಿ ನಮ್ಮ ಜನ ‘ಮೊಂಡು ಕುದುರೆ’ ಅಂತ ಹೆಸರಿಟ್ಟು ಇನ್ನೂ ಗಡುಸು ಕಡಿವಾಣ ತಂದು ಹಾಕುತ್ತಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ.

ಜಾರುವುದಕ್ಕೆ ಉಪಾಯ ಎರಡು. ತಂಗು, ಅಂದರೆ ಹೊಟ್ಟೆಗೆ ಬಿಗಿಯುವ ಪಟ್ಟಿ, ಮನೆಯಲ್ಲಿ ಬಿಗಿದದ್ದು ಗುಡ್ಡದ ಮೇಲೆ ಬಿಗಿಯಾಗಿ ಇರುವುದಿಲ್ಲ. ಕಟ್ಟುವಾಗ ಕುದುರೆ ಹೊಟ್ಟೆ ಉಬ್ಬಿಸಿ ನಿಂತಿರುತ್ತದೆ. ಹತ್ತು ನಿಮಿಷ ನಡೆದ ಮೇಲೆ ಒಮ್ಮೆ, ಇಳಿಯುವ ಮುಂಚೆ ಮತ್ತೊಮ್ಮೆ ಬೆರಳು ಹಾಕಿ ನೋಡಿ. ಎರಡನೆಯದು ದುಮಚಿ. ಜೀನಿನ ಹಿಂಭಾಗದಿಂದ ಹೊರಟು ಬಾಲದ ಕೆಳಗೆ ಸುತ್ತಿ ಬರುವ ಪಟ್ಟಿ ಅದು. ಮದುವೆ ಮೆರವಣಿಗೆಯ ಕುದುರೆಗೆ ಕನ್ನಡಿ, ಗೊಂಡೆ ಹಚ್ಚಿ ಶೃಂಗಾರಕ್ಕೆ ಅಂತ ಕಟ್ಟುತ್ತಾರೆ, ಅದರ ನಿಜವಾದ ಕೆಲಸ ಇರುವುದು ಗುಡ್ಡದಲ್ಲಿ. ಎದೆಪಟ್ಟಿ ಹತ್ತುವಾಗ ಜೀನು ಹಿಂದೆ ಹೋಗದ ಹಾಗೆ ತಡೆಯುತ್ತದೆ, ದುಮಚಿ ಇಳಿಯುವಾಗ ಮುಂದೆ ಬರದ ಹಾಗೆ. ಬಾಲದ ಕೆಳಗೆ ಬರುವ ಭಾಗ ದಪ್ಪಗೆ, ನುಣ್ಣಗೆ, ಎಣ್ಣೆ ಹಚ್ಚಿದ ಚರ್ಮದ್ದಾಗಿರಲಿ. ನೈಲಾನ್ ಹಗ್ಗ ಹಾಕಿದರೆ ಒಂದೇ ದಿನಕ್ಕೆ ಸುಲಿದು ಗಾಯ. ಪಟ್ಟಿ ಮತ್ತು ಬೆನ್ನಿನ ನಡುವೆ ನಿಮ್ಮ ಅಂಗೈ ಸಲೀಸಾಗಿ ತೂರಬೇಕು. ಮತ್ತೆ, ಮೊದಲ ಸಲ ಹಾಕಿ ನೇರ ಗುಡ್ಡಕ್ಕೆ ಹೋಗಬೇಡಿ. ಬಾಲದ ಕೆಳಗೆ ಏನೋ ಸಿಕ್ಕಿತು ಅಂತ ಕೆಲವು ಕುದುರೆ ಹಿಂಗಾಲು ಎತ್ತಿ ಒದೆಯುತ್ತವೆ. ವಾರ ಹತ್ತು ದಿನ ಅಂಗಳದಲ್ಲೇ ಹಾಕಿ, ತಿರುಗಾಡಿಸಿ, ಆಮೇಲೆ ಹತ್ತಿ. ದುಮಚಿ ಇದೆ ಅಂತ ಅಳತೆಗೆ ಕೂರದ ಜೀನನ್ನೇ ಹಾಕಿಕೊಂಡು ಹೋಗುವುದೂ ಬೇಡ, ಜಗ್ಗುವುದೆಲ್ಲ ಬಾಲದ ಬುಡಕ್ಕೆ ಬೀಳುತ್ತದೆ.

ನಿಲ್ಲಿಸುವುದನ್ನು ಇಳಿಜಾರಿನಲ್ಲಿ ಕಲಿಸಲು ಆಗುವುದಿಲ್ಲ. ಮಟ್ಟದ ನೆಲದಲ್ಲಿ ಕಲಿಸಿ ಇಳಿಜಾರಿಗೆ ಒಯ್ಯಬೇಕು. ಜಗ್ಗಿ ಹಿಡಿದೇ ಇದ್ದರೆ ಕುದುರೆ ಆ ಹಿಡಿತಕ್ಕೇ ಒರಗಿ ಓಡುತ್ತದೆ, ನಿಮ್ಮ ತೋಳು ಅದಕ್ಕೆ ಐದನೇ ಕಾಲಾಗುತ್ತದೆ. ಹಿಡಿ, ಬಿಡು. ಹಿಡಿ, ಬಿಡು. ಉಸಿರು ಬಿಟ್ಟು, ಮೈಭಾರ ಇಳಿಬಿಟ್ಟು, ‘ಹೋ’ ಅಂದು, ಬೆರಳು ಮುಚ್ಚಿ. ಒಂದು ಹೆಜ್ಜೆ ನಿಧಾನವಾದ ಕೂಡಲೇ ಬೆರಳು ತೆರೆಯಿರಿ. ಆ ತೆರೆಯುವುದೇ ಅದಕ್ಕೆ ಬಕ್ಷೀಸು. ಮಟ್ಟದ ದಾರಿಯಲ್ಲಿ ಇಪ್ಪತ್ತು ಸಲಕ್ಕೆ ಇಪ್ಪತ್ತು ಸಲ ಹೀಗೆ ನಿಂತ ಮೇಲೆ ಕಾಲುವೆಯ ಏರಿಗೆ ಹೋಗಿ. ಹಿಡಕಲ್ ಡ್ಯಾಮಿನ ಘಟಪ್ರಭಾ ಕಾಲುವೆ ನಿಮ್ಮ ಕಡೆ ಇದೆಯಲ್ಲ, ಆ ಏರಿಯ ಪಕ್ಕದ ಇಳಿಜಾರು ಇದಕ್ಕೆ ಸರಿಯಾದ ಶಾಲೆ, ನೀರಿನ ಕಡೆ ಅಲ್ಲ, ಹೊಲದ ಕಡೆ. ಹೊಲದ ಒಡ್ಡು ಆದರೂ ಸಾಕು. ಮೂರು ಹೆಜ್ಜೆ ಇಳಿ, ನಿಲ್ಲು. ಎರಡು ಹೆಜ್ಜೆ, ನಿಲ್ಲು. ನಿಂತಾಗ ಕುತ್ತಿಗೆ ಕೆರೆಯಿರಿ. ಅದು ಬೇಸರದಿಂದ ನಿಟ್ಟುಸಿರು ಬಿಡುವ ತನಕ ಮಾಡಿ. ಒಂದು ಎಚ್ಚರಿಕೆ: ಮಟ್ಟ ನೆಲದಲ್ಲಿ ಓಡುವ ಕುದುರೆಯನ್ನು ಒಂದು ಬದಿ ಲಗಾಮು ಎಳೆದು ಸುತ್ತಿಸಿ ನಿಲ್ಲಿಸುವುದುಂಟು. ಕಡಿದಾದ ಇಳಿಜಾರಿನಲ್ಲಿ ಅದನ್ನು ಮಾಡಿದರೆ ಕುದುರೆ ಅಡ್ಡ ತಿರುಗಿ ನಿಮ್ಮ ಮೇಲೇ ಉರುಳುತ್ತದೆ.

ಅಡ್ಡದ ಮಾತು ಬಂತು. ಕಡಿದಾದ, ಜಾರುವ ಜಾಗದಲ್ಲಿ ಓರೆಯಾಗಿ ಇಳಿದರೆ ಸುಲಭ ಅಂತ ನಮಗೆ ಅನಿಸುತ್ತದೆ, ನಾವು ಎರಡು ಕಾಲಿನವರು ಹಾಗೇ ಇಳಿಯುತ್ತೇವೆ. ಕುದುರೆ ನೇರ ಇಳಿಯುವಾಗ ಜಾರಿದರೆ ಹಿಂಗಾಲ ಮೇಲೆ ಕೂರುತ್ತದೆ, ಒಂದಿಷ್ಟು ದೂರ ಜಾರಿ ಎದ್ದು ನಿಲ್ಲುತ್ತದೆ. ಓರೆ ಇಳಿಯುವಾಗ ಜಾರಿದರೆ ನಾಲ್ಕೂ ಕಾಲು ಒಂದೇ ಕಡೆ ಹೋಗಿ ಪಕ್ಕಕ್ಕೆ ಬೀಳುತ್ತದೆ. ಇದನ್ನು ನಾನು ಓದಿ ಕಲಿತಿಲ್ಲ. ಜಾಂಬೋಟಿ ಕಡೆ, ಜೂನ್ ತಿಂಗಳ ಮೊದಲ ಮಳೆ ಬಿದ್ದ ಮಾರನೇ ದಿನ, ಕೆಂಪು ಜಂಬಿಟ್ಟಿಗೆ ನೆಲ. ಮೇಲೆ ಬೆರಳಿನಷ್ಟು ದಪ್ಪ ಕೆಸರು, ಕೆಳಗೆ ಒಣ ಗಟ್ಟಿ. ಹತ್ತು ಮಾರು ಇಳಿದರೆ ಗದ್ದೆ ಸಿಗುತ್ತಿತ್ತು. ನಾನು ಜಾಣತನ ಮಾಡಿ ಓರೆ ಹಿಡಿದೆ. ಬಲ ಹಿಂಗಾಲು ಜಾರಿದ ಸದ್ದು ಈಗಲೂ ನೆನಪಿದೆ, ಒದ್ದೆ ಬಟ್ಟೆ ಹರಿದ ಹಾಗೆ. ಕುದುರೆ ಎದ್ದು ಮೈ ಕೊಡವಿ ಹುಲ್ಲು ಮೇಯತೊಡಗಿತು. ನನ್ನ ಭುಜದ ಎಲುಬು ಮುರಿದಿತ್ತು. ಎರಡು ತಿಂಗಳು ಎಡಗೈಯಲ್ಲಿ ರೊಟ್ಟಿ ಮುರಿದು ತಿಂದೆ. ಜನ ಓಡಾಡಿ ಆದ ಗಟ್ಟಿ ಕಾಲುದಾರಿ ಸುತ್ತಿ ಸುತ್ತಿ ಇಳಿಯುತ್ತಿದ್ದರೆ ಅದರಲ್ಲೇ ಹೋಗಿ, ಅದರದ್ದು ತೊಂದರೆ ಇಲ್ಲ. ದಾರಿ ಇಲ್ಲದ ಕಡೆ ನೀವೇ ಓರೆ ಗೆರೆ ಎಳೆಯಬೇಡಿ.

ನಮ್ಮ ಭಾಗದಲ್ಲಿ ನೆಲ ಹತ್ತು ಹರದಾರಿಗೊಮ್ಮೆ ಬದಲಾಗುತ್ತದೆ. ಖಾನಾಪುರ ಕಡೆ ಈ ಜಂಬಿಟ್ಟಿಗೆ. ಬೇಸಿಗೆಯಲ್ಲಿ ಅದರ ಮೇಲಿನ ಗರಸು ಜೋಳದ ಕಾಳು ಚೆಲ್ಲಿದ ಹಾಗೆ, ಕಾಲಿಟ್ಟರೆ ಉರುಳುತ್ತದೆ. ಗೋಕಾಕ, ಸವದತ್ತಿ, ಬಾದಾಮಿಯಲ್ಲಿ ಮರಳುಗಲ್ಲಿನ ಹಾಸುಬಂಡೆ. ಬರಿಗೊರಸಿಗೆ ಅದು ಚೆನ್ನಾಗಿ ಹಿಡಿಯುತ್ತದೆ, ಸವೆದು ನುಣುಪಾದ ಕಬ್ಬಿಣದ ಲಾಳಕ್ಕೆ ಜಾರುತ್ತದೆ. ವಿಜಯಪುರದ ಎರೆ ಮಣ್ಣು ಒಣಗಿದಾಗ ಬಿರುಕು, ಕಾಲು ಸಿಕ್ಕಿಕೊಳ್ಳುತ್ತದೆ. ಒದ್ದೆಯಾದಾಗ ಗೊರಸಿಗೆ ಮೆತ್ತಿಕೊಂಡು ಮುದ್ದೆಯಾಗುತ್ತದೆ, ಹಿಡಿತವೇ ಇರುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಯಾವುದು ಗೊತ್ತಾ? ಈಗ ಗುಡಿಗಳಿಗೆಲ್ಲ ಮಾಡಿದ ಕಾಂಕ್ರೀಟು ಮತ್ತು ಡಾಂಬರು ರಸ್ತೆ. ಲಾಳ ಕಟ್ಟಿದ ಕುದುರೆಗೆ ಇಳಿಜಾರಿನ ಡಾಂಬರು ಅಂದರೆ ಎಣ್ಣೆ ಹಚ್ಚಿದ ಹಂಚು. ಪಕ್ಕದಲ್ಲಿ ಮಣ್ಣಿನ ಅಂಚು ಇದ್ದರೆ ಅದರ ಮೇಲೆ ಹೋಗಿ.

ಗೊರಸಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. 6ರಿಂದ 8 ವಾರಕ್ಕೊಮ್ಮೆ ಕತ್ತರಿಸಿ ಸರಿ ಮಾಡಿಸಿ. ಮುಂಬದಿ ಉದ್ದ ಬೆಳೆದ ಗೊರಸು ಇಳಿಯುವಾಗ ಎಡವುತ್ತದೆ. ಲಾಳ ಬಡಿಯುವ ಒಳ್ಳೆ ನಾಲಬಂದರು ಸಿಕ್ಕರೆ ಬಿಡಬೇಡಿ, ಕೈಯಲ್ಲಿ ಕಸುಬಿರುವವರು ಕಡಿಮೆ ಆಗುತ್ತಿದ್ದಾರೆ. ಇಳಿಯುವ ಮುಂಚೆ ನಾಲ್ಕೂ ಕಾಲು ಎತ್ತಿ ಸಿಕ್ಕಿದ ಹರಳು ತೆಗೆಯಿರಿ, ಮೊಳೆ ಸಡಿಲ ಇದೆಯೇ ನೋಡಿ.

ಇನ್ನು ನಿಮ್ಮ ತೂಕ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಶೇಕಡ 20 ಮೀರಬಾರದು ಅಂತ ಒಂದು ಲೆಕ್ಕ ಇದೆ. ಅಮೆರಿಕದ ಓಹಾಯೋದಲ್ಲಿ ಇದನ್ನು ಪರೀಕ್ಷೆ ಮಾಡಿ 2008ರಲ್ಲಿ ಪ್ರಕಟಿಸಿದರು. ಹಗುರ ಜಾತಿಯ ಕುದುರೆಗಳಿಗೆ ಶೇಕಡ 15, 20, 25, 30 ಭಾರ ಹೊರಿಸಿ ನೋಡಿದಾಗ 25 ಮತ್ತು 30ರಲ್ಲಿ ಬೆನ್ನಿನ ಸ್ನಾಯುಗಳ ನೋವು ಎದ್ದು ಕಂಡಿತು. ನಿಮ್ಮ ಕುದುರೆ 350 ಕೆ.ಜಿ. ಇದೆ ಅಂದುಕೊಳ್ಳೋಣ. ಶೇಕಡ 20 ಅಂದರೆ 70 ಕೆ.ಜಿ. ನೀವು 74, ಜೀನು ಒಂದು 8. ಈಗಾಗಲೇ ಗೆರೆ ದಾಟಿದ್ದೀರಿ, ಅದೂ ಮಟ್ಟದ ನೆಲದ ಲೆಕ್ಕದಲ್ಲಿ. ಜೊತೆಗೆ ಅದಕ್ಕೆ 4 ವರ್ಷ. ನೋಡಲು ತುಂಬಿಕೊಂಡಿದ್ದರೂ ಬೆನ್ನೆಲುಬಿನ ಬೆಳವಣಿಗೆ ಮುಗಿಯುವುದು ಐದೂವರೆ, ಆರು ವರ್ಷಕ್ಕೆ. ಬಜಾರದಲ್ಲಿ ಎತ್ತರ ನೋಡಿ, ಕಿವಿ ತುದಿ ಕೂಡುವುದು ನೋಡಿ ಕುದುರೆ ಕೊಳ್ಳುತ್ತೀರಿ, ತಪ್ಪಲ್ಲ, ಚೆಂದವೂ ಬೇಕು. ಆದರೆ ಗುಡ್ಡಕ್ಕೆ ಅಂತ ನನ್ನನ್ನು ಕೇಳಿದ್ದರೆ ಭೀಮಾ ದಂಡೆಯ ಗಿಡ್ಡ ಭೀಮಥಡಿ ಕುದುರೆ ತನ್ನಿ ಅನ್ನುತ್ತಿದ್ದೆ. ನೋಡಲು ಏನೂ ಇಲ್ಲ, ಕಾಲು ಮಾತ್ರ ಮೇಕೆಯದು.

ಹಾಗಾದರೆ ಏನು ಮಾಡಬೇಕು? ಇಳಿದು ನಡೆಯಿರಿ. ಗುಡಿಗೆ ಹತ್ತಿ ಹೋದಿರಿ, ಜನ ನೋಡಿದರು, ಸಾಕಲ್ವಾ. ಕಡಿದಾದ ತುಂಡು ಬಂದಾಗ ಇಳಿದು ಪಕ್ಕದಲ್ಲಿ ನಡೆಯುವುದಕ್ಕೆ ನಾಚಿಕೆ ಯಾಕೆ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1955ರಿಂದ ಟೆವಿಸ್ ಕಪ್ ಅಂತ ಒಂದು ಸವಾರಿ ನಡೆಯುತ್ತದೆ, ಗುಡ್ಡಗಾಡಿನಲ್ಲಿ 24 ಗಂಟೆಯೊಳಗೆ 100 ಮೈಲು. ಅಂಥದ್ದರಲ್ಲಿ ಪಳಗಿದ ಸವಾರರೇ ಇಳಿಜಾರಿನಲ್ಲಿ ಕೆಳಗಿಳಿದು ಕುದುರೆಯ ಜೊತೆ ಓಡುತ್ತಾರೆ, ಅದರ ಮುಂಗಾಲು ಉಳಿಯಲಿ ಅಂತ.

ಕುದುರೆಯ ಮೇಲಿಂದ ಇಳಿಯುವುದಕ್ಕೂ ಕ್ರಮ ಇದೆ. ದಾರಿ ಓರೆಯಾಗಿದ್ದರೆ ಗುಡ್ಡದ ಕಡೆಗೇ ಇಳಿಯಿರಿ, ಕಣಿವೆಯ ಕಡೆಗಲ್ಲ. ಹಾಗಾಗಿ ಎರಡೂ ಬದಿಯಿಂದ ಇಳಿದು ಹತ್ತುವುದು ಕುದುರೆಗೂ ನಿಮಗೂ ರೂಢಿ ಇರಬೇಕು. ರಿಕಾಪುಗಳನ್ನು ಮೇಲೆ ಸಿಕ್ಕಿಸಿ, ತೂಗಾಡಲು ಬಿಡಬೇಡಿ. ಲಗಾಮನ್ನು ತಲೆಯ ಮೇಲಿಂದ ತೆಗೆದು ಕೈಯಲ್ಲಿ ಮಡಚಿ ಹಿಡಿಯಿರಿ, ಮಣಿಕಟ್ಟಿಗೆ ಸುತ್ತಿಕೊಳ್ಳಬೇಡಿ. ನೇರ ಮುಂದೆ ನಡೆಯಬೇಡಿ, ಕುದುರೆ ಜಾರಿದರೆ ನಿಮ್ಮ ಮೇಲೇ ಬರುತ್ತದೆ. ಹೆಗಲ ಪಕ್ಕ, ಒಂದು ತೋಳಿನಷ್ಟು ದೂರ. ಬಿಸಿಲಿನಿಂದ ಮರದ ನೆರಳಿಗೆ ಹೊಕ್ಕಾಗ ಅದು ಗಕ್ಕನೆ ನಿಂತರೆ ಬೈಯಬೇಡಿ. ಬೆಳಕಿನಿಂದ ಕತ್ತಲಿಗೆ ಕುದುರೆಯ ಕಣ್ಣು ಹೊಂದಿಕೊಳ್ಳಲು ನಮಗಿಂತ ಜಾಸ್ತಿ ಹೊತ್ತು ಬೇಕು.

ಹೆಲ್ಮೆಟ್ ಹಾಕುತ್ತೀರಾ? ನೀವು ಬರೆದಿಲ್ಲ, ಅಂದರೆ ಇಲ್ಲ. ರುಮಾಲು ಸುತ್ತಿದರೆ ಫೋಟೋ ಚೆನ್ನಾಗಿ ಬರುತ್ತದೆ, ತಲೆ ಉಳಿಯುವುದಿಲ್ಲ. ಆ ಕಾಪ್ರಿಲ್ಲಿ ಅಷ್ಟು ಕಡಿದಾದ ಜಾಗದಲ್ಲಿ ಇಳಿದವನು, 1907ರಲ್ಲಿ ತೀರಿಕೊಂಡದ್ದು ಕುದುರೆಯಿಂದ ಬಿದ್ದು ತಲೆಗೆ ಪೆಟ್ಟಾಗಿ, ಅದೂ ಯಾವ ಗುಡ್ಡದಲ್ಲೂ ಅಲ್ಲ. ಸವಾರಿಯ ಹೆಲ್ಮೆಟ್ಟೇ ಒಳ್ಳೆಯದು. ಅದು ಬರುವ ತನಕ ಬೈಕಿನದ್ದಾದರೂ ಹಾಕಿ, ಬೆಲ್ಟು ಕಟ್ಟಿ. ಕಾಲಿಗೆ ಹಿಮ್ಮಡಿ ಇರುವ ಬೂಟು. ಚಪ್ಪಲಿ, ಕ್ಯಾನ್ವಾಸು ಬೂಟು ಹಾಕಿದ ಕಾಲು ರಿಕಾಪಿನಲ್ಲಿ ತೂರಿ ಸಿಕ್ಕಿಕೊಳ್ಳುತ್ತದೆ, ಆಗ ಬಿದ್ದವರನ್ನು ಕುದುರೆ ಎಳೆದುಕೊಂಡು ಹೋಗುತ್ತದೆ.

ಮುಂದಿನ ಅಮಾವಾಸ್ಯೆಗೆ ಗುಡಿಗೆ ಹೋಗಿ, ಕುದುರೆಯನ್ನೂ ಒಯ್ಯಿರಿ, ಆದರೆ ಹತ್ತುವಾಗಲೂ ಇಳಿಯುವಾಗಲೂ ಕೈಯಲ್ಲೇ ಹಿಡಿದು ನಡೆಸಿ, ಬೆನ್ನ ಮೇಲೆ ಜೀನು ಮಾತ್ರ ಇರಲಿ. ಇಳಿಯುವಾಗ ಖಾಲಿ ಜೀನು ಎಷ್ಟು ಬೆರಳು ಮುಂದೆ ಬಂತು ಅಂತ ಸುಣ್ಣದ ಗುರುತು ಹಾಕಿ ನೋಡಿ. ಮನೆಗೆ ಬಂದು ಬಿಚ್ಚಿದ ಕೂಡಲೇ, ಒರೆಸುವ ಮುಂಚೆ, ಬೆನ್ನಿನ ಎರಡೂ ಬದಿಯ ಬೆವರಿನ ಫೋಟೋ ತೆಗೆದು ಕಳಿಸಿ. ಜೀನು ಬದಲಿಸಬೇಕೋ, ಅದರ ಕೆಳಗಿನ ಗಾದಿ ಬದಲಿಸಿದರೆ ಸಾಕೋ, ಅದನ್ನು ನೋಡಿ ಹೇಳುತ್ತೇನೆ. ಅಜ್ಜನಿಗೆ ನಮಸ್ಕಾರ ತಿಳಿಸಿ.